ನಾಳೆ ಇಲ್ಲದವರ ಶೂಟಿಂಗ್

ಈ ವಾರ ಯಾವ ತಾರೆಯ ಗುಟ್ಟೂ ಇಲ್ಲ. ಇರೋದು ನನ್ನದೇ ಒಂದು ತಪ್ಪೊಪ್ಪಿಗೆ.

ಮೂರು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಪುಟ್ಟ ಚಿತ್ರವನ್ನು ಗೇಲಿ ಮಾಡಿದ್ದೆ. ನೆನಪಿದೆಯೇ? ನಾಯಕಿಯ ತಾಯಿ ಕೆಂಪಂಚಿನ ಸೀರೆಯುಟ್ಟು ಅಡಿಗೆಮನೆಗೆ ಹೋಗುತ್ತಾಳೆ, ಹಸಿರಂಚಿನ ಸೀರೆಯಲ್ಲಿ ಹೊರಗೆ ಬರುತ್ತಾಳೆ. ‘ಒಲೆ ಪಕ್ಕ ಸೀರೆ ಅಂಗಡಿಯೂ ಇತ್ತೇನೋ!’ ಎಂದು ಬರೆದೆ. ನೀವು ನಕ್ಕಿರಿ. ನಾನು ಉಬ್ಬಿದೆ. ಚಿತ್ರ ಒಂದೇ ವಾರಕ್ಕೆ ಎತ್ತಂಗಡಿಯಾಯಿತು.

ಹೋದ ತಿಂಗಳು ಆ ನಿರ್ದೇಶಕರ ಫೋನ್ ಬಂತು. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ. ಆ ಮನುಷ್ಯ, “ಇನ್ನೊಂದು ಚಿತ್ರ ಮಾಡ್ತಿದೀನಿ, ಒಂದು ದಿನ ಬನ್ನಿ ಸಾರ್. ಊಟ ನಮ್ಮದು, ಬಸ್ ಚಾರ್ಜು ನಿಮ್ಮದು” ಅಂದರು!

ಮದ್ದೂರಿನಲ್ಲಿ ಬಸ್ಸಿಳಿದು, ಆಟೋ ಹಿಡಿದು, ಬೆಳಿಗ್ಗೆ ಏಳಕ್ಕೆ ಆ ಹಳ್ಳಿ ಮುಟ್ಟಿದೆ. ಯೂನಿಟ್ ಅಂದರೆ ಹದಿನಾಲ್ಕು ಜನ, ಒಂದು ವ್ಯಾನು, ಎರಡು ಥರ್ಮಾಕೋಲ್ ಹಾಳೆ, ಒಂದು ಪಾತ್ರೆ ಚಿತ್ರಾನ್ನ. ಕ್ಯಾಮೆರಾ ಮಾತ್ರ ಇನ್ನೂ ಬಂದಿರಲಿಲ್ಲ. ಬಂದಾಗ ಒಂಬತ್ತೂವರೆ. ದಿನದ ಲೆಕ್ಕದ ಬಾಡಿಗೆ ಮಾಲು, ರಾತ್ರಿ ಬೆಂಗಳೂರಿಗೆ ವಾಪಸ್ ಹೋಗಲೇಬೇಕು. ಬಾಡಿಗೆ ಮೀಟರಿಗೆ ತಡವಾದದ್ದು ಗೊತ್ತಾಗುತ್ತದೆಯೇ?

ಡಬ್ಬಿಂಗ್ ಖರ್ಚು ಉಳಿಸೋಣ ಅಂತ ಸ್ಥಳದಲ್ಲೇ ಮಾತು ಹಿಡಿಯುತ್ತಿದ್ದರು. ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಮೊದಲನೇ ಟೇಕಿಗೆ ಹುಂಜ ಕೂಗಿತು. ಎರಡನೆಯದಕ್ಕೆ ಟ್ರ್ಯಾಕ್ಟರ್. ಮೂರನೆಯದಕ್ಕೆ ಪಕ್ಕದ ಬೀದಿಯ ಮದುವೆ ಮನೆ ಮೈಕು. ಪ್ರೊಡಕ್ಷನ್ ಹುಡುಗ ಓಡಿಹೋಗಿ ಕೈಮುಗಿದ. ಮದುವೆಯವರು ಒಳ್ಳೆಯವರು, ಮೈಕು ನಿಲ್ಲಿಸಿದರು. ಆದರೆ ಯೂನಿಟ್ಟಿನವರೆಲ್ಲಾ ಊಟಕ್ಕೆ ಬರಲೇಬೇಕು ಅಂತ ಹಟ ಹಿಡಿದರು! ಊಟ ಉಳಿಯಿತು, ಒಂದು ಗಂಟೆ ಹೋಯಿತು.

ರೀಲು ಹೋಗಿ ಕಾರ್ಡು ಬಂತು, ಇನ್ನೇನು ಎಲ್ಲಾ ಅಗ್ಗ ಅಂತ ನಾನೂ ತಿಳಿದಿದ್ದೆ. ರೀಲಿನ ಕಾಲದಲ್ಲಿ 400 ಅಡಿ ಫಿಲಂ ಸುಮಾರು ನಾಲ್ಕೂವರೆ ನಿಮಿಷಕ್ಕೆ ಖಾಲಿ. ಟೇಕ್ ಕೆಟ್ಟರೆ ದುಡ್ಡು ಕಣ್ಣೆದುರೇ ಸುಟ್ಟ ಹಾಗೆ. ಈಗ ಕೆಟ್ಟದ್ದನ್ನು ಅಳಿಸಬಹುದು, ಸರಿ. ಆದರೆ ಹೋದ ಬಿಸಿಲು? ಹದಿನಾಲ್ಕು ಜನರ ಊಟ, ಬಾಟಾ?

ಮಧ್ಯಾಹ್ನ ಮೋಡ. ಎಲ್ಲರೂ ಆಕಾಶ ನೋಡುತ್ತಾ ಕೂತೆವು. ನಾಲ್ಕೂವರೆಗೆ ಬಿಸಿಲು ಬಂತು. ಐದಕ್ಕೆ ಯಜಮಾನನ ಪಾತ್ರದ ರೈತ ಪಂಚೆ ಕೊಡವಿ ಎದ್ದರು. “ಡೈರಿ ಬಾಗ್ಲು ಹಾಕ್ಬುಡ್ತಾರೆ ಸಾರ್, ಹಾಲ್ ಹಾಕ್ಬೇಕು. ನಾಳಿಕ್ ಬತ್ತೀನಿ.”

ನಾಳೆ! ನಾಳೆ ಕ್ಯಾಮೆರಾ ಎಲ್ಲಿದೆ? ನಿರ್ದೇಶಕರು ಒಂದು ಮಾತೂ ಆಡಲಿಲ್ಲ. ಸ್ಕ್ರಿಪ್ಟ್ ತೆಗೆದು ಅರ್ಧ ಸೀನಿಗೆ ಅಡ್ಡಗೀಟು ಎಳೆದರು. ಪಿಯುಸಿಗೆ ನಡುವೆಯೇ ಪ್ಯಾಕಪ್ ಹೇಳಿದವನು ನಾನು. ಆ ಗೀಟು ಎಳೆಯುವಾಗ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು.

ದೊಡ್ಡ ಚಿತ್ರಕ್ಕೂ ಚಿಕ್ಕ ಚಿತ್ರಕ್ಕೂ ವ್ಯತ್ಯಾಸ ಇಷ್ಟೇ ಸ್ವಾಮಿ. ದೊಡ್ಡವರಿಗೆ ನಾಳೆ ಇದೆ, ಇವರಿಗೆ ಇಲ್ಲ. ಶೃಂಗೇರಿ ಹತ್ತಿರ ವೈಕುಂಠಪುರದಲ್ಲಿ ತೆಗೆದ ‘ಸಂಸ್ಕಾರ’ 1970ನೇ ಸಾಲಿನ ದೇಶದ ಅತ್ಯುತ್ತಮ ಚಿತ್ರ ಎನಿಸಿತು. ಮಂಡ್ಯ ಸೀಮೆಯ ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಪ್ರಶಸ್ತಿ ಬಂದಾಗ ನಾವು ಬರೆಯುತ್ತೇವೆ. ಅಡ್ಡಗೀಟು ಬಿದ್ದ ಸೀನುಗಳ ಬಗ್ಗೆ ಯಾರು ಬರೆಯುತ್ತಾರೆ?

ಅಷ್ಟರಲ್ಲಿ ಒಬ್ಬ ತಾಯಿ ಟೀ ತಂದುಕೊಟ್ಟರು. ಎಲ್ಲೋ ನೋಡಿದ ಮುಖ. ಅರೆ, ಎರಡಂಚಿನ ಸೀರೆಯವರು! ನಿರ್ದೇಶಕರು ನಕ್ಕರು. “ಹೋದ ಚಿತ್ರಾನೂ ಇದೇ ಊರಲ್ಲೇ ಸಾರ್. ದುಡ್ಡು ಮುಗಿದು ನಡುವೆ ಐದು ತಿಂಗಳು ನಿಲ್ಲಿಸಿದ್ದೆ. ವಾಪಸ್ ಬಂದರೆ ಸೀರೆ ಇಲ್ಲ!”

“ನಂದೇ ಸೀರೆ ಕಣಪ್ಪ, ಹಳೇದು,” ಅಂದರು ಆ ತಾಯಿ. “ಮಗ್ಳು ಬಾಣಂತನಕ್ ಬಂದಿದ್ಲು. ಮೆತ್ಗಿತ್ತು ಅಂತ ಮಗೀಗೆ ಜೋಲಿ ಕಟ್ದೋ. ಹಂಗೇ ಗಂಡನ್ ಮನೀಗೆ ತಕ್ಕೊಂಡೋದ್ಲು.”

ಅಂಗಡಿ ಅಂಗಡಿ ಸುತ್ತಿದರಂತೆ. ಆ ಅಂಚು ಸಿಗಲಿಲ್ಲ. “ಆ ತಪ್ಪು ನನಗೆ ಕಾಣ್ಲಿಲ್ಲ ಅಂದ್ಕೊಂಡ್ರಾ ಸಾರ್? ಎಡಿಟಿಂಗ್‌ನಲ್ಲಿ ದಿನಾ ಕಾಣ್ತಿತ್ತು.”

ಟೀ ಗಂಟಲಲ್ಲಿ ಇಳಿಯಲಿಲ್ಲ. ನಾನು ಒಂದು ಫೋನ್ ಮಾಡಿ ವಿಚಾರಿಸಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ತಪ್ಪಾಯಿತು ಎಂದು ಅಲ್ಲೇ ಹೇಳಿದೆ, ಈಗ ನಿಮ್ಮೆದುರೂ ಹೇಳುತ್ತಿದ್ದೇನೆ.

ಕೊನೆಯ ಶಾಟ್. ಆ ತಾಯಿ ಹೊಸಿಲ ಮೇಲೆ ಕೂತು ಒಂದೇ ಮಾತು ಆಡಬೇಕು. ಒಬ್ಬ ಲೈಟ್‌ಬಾಯ್ ಡೀಸೆಲ್ ತರಲು ಹೋಗಿದ್ದ. “ಸಾರ್, ಸ್ವಲ್ಪ ಹಿಡ್ಕೊಳ್ತೀರಾ?” ಅಂತ ಥರ್ಮಾಕೋಲ್ ನನ್ನ ಕೈಗೆ ಬಂತು. ಹಿಡಿದೆ. ಮೊದಲನೇ ಟೇಕಿಗೇ ಆಕೆ ಹೇಳಿದ ಮಾತಿಗೆ ನನ್ನ ಮೈ ಜುಂ ಎಂದಿತು. ಓಕೆ! ಆಗ ಕ್ಯಾಮೆರಾಮನ್ ಮೆಲ್ಲಗೆ, “ಗೋಡೆ ಮೇಲೆ ಯಾರದೋ ತಲೆ ನೆರಳು ಬಿದ್ದಿದೆ” ಅಂದ.

ತಿರುಗಿ ನೋಡಿದೆವು. ಸೂರ್ಯ ತೆಂಗಿನ ತೋಟದ ಹಿಂದೆ ಇಳಿದಾಗಿತ್ತು.

“ಬಿಡಿ ಸಾರ್, ಇದನ್ನೂ ನೀವೇ ಬರೀರಿ” ಅಂದರು ನಿರ್ದೇಶಕರು. ಪ್ಯಾಕಪ್.

ಬರೆದಿದ್ದೇನೆ. ಮುಂದೆ ಯಾವುದಾದರೂ ಪುಟ್ಟ ಚಿತ್ರದಲ್ಲಿ ಹೊಸಿಲ ಪಕ್ಕದ ಗೋಡೆ ಮೇಲೆ ಒಂದು ತಲೆ ಅಲ್ಲಾಡಿದರೆ ನಗಬೇಡಿ ಅನ್ನಲ್ಲ, ಧಾರಾಳವಾಗಿ ನಗಿ. ಆದರೆ ನಿರ್ದೇಶಕರನ್ನು ನೋಡಿ ನಗಬೇಡಿ. ಆ ನೆರಳು ನನ್ನದು.