ಸೂಜಿಗಿ ಅಂಜಿ ನಾಯಿ ಕಳಕೋಬ್ಯಾಡ್ರಿ

ಅಕ್ಕಂದಿರೇ, ತಂಗಿದೇರೇ, ಇವತ್ತ ಅಡಗಿ ಮಾತಿಲ್ಲ, ಸಿಟ್ಟಿನ ಮಾತದ.

ಭಾಲ್ಕಿದಾಗ ನಮ್ಮ ವೈನಿ ಮನ್ಯಾಗ ಏಳು ವರ್ಷದ ಜರ್ಮನ್ ಶೆಫರ್ಡ್ ಹೆಣ್ಣನಾಯಿ ಇತ್ತು. ಗರ್ಭಚೀಲದಾಗ ಕೀವು ತುಂಬ್ಯದ, ತಡ ಮಾಡದೆ ಆಪರೇಶನ್ ಮಾಡಬೇಕು ಅಂದ್ರು ಡಾಕ್ಟರ್. ಓಣ್ಯಾಗಿನವರು ಏನಂದ್ರು? "ಬೇಹೋಶ್ ಸೂಜಿ ಕೊಟ್ರ ದೊಡ್ಡ ನಾಯಿ ಮತ್ತ ಏಳಂಗಿಲ್ಲ." ನಾಲ್ಕು ದಿನ ಅರಿಶಿಣ ಹಾಲು ಕುಡಿಸಿದ್ರು. ಐದನೇ ದಿನ ನಾಯಿ ಹೋಯ್ತು. ಸೂಜಿ ಮುಟ್ಟಿರಲೇ ಇಲ್ಲ.

ಅಂಜಿಕಿ ಪೂರಾ ಸುಳ್ಳು ಅನ್ನಲ್ಲ ನಾ. ಬ್ರಿಟನ್ನಿನ ಡಾಕ್ಟರು ಲೆಕ್ಕ ಹಾಕಿ 2008ರಾಗ ಬರದಾರ: ಆರಾಮಿದ್ದ ನಾಯಿಗಳಾಗ ಬೇಹೋಶ್ ಮಾಡಿದ್ರಿಂದ ಸತ್ತದ್ದು ಸುಮಾರು 1,850ಕ್ಕ ಒಂದು. ಜಡ್ಡಾದ ನಾಯಿಗಳಾಗ 75ಕ್ಕ ಒಂದು. ಈಗ ನೀವೇ ಹೇಳ್ರಿ, ಧೋಕಾ ಸೂಜಿದಾಗ ಹೆಚ್ಚದನೋ, ನಾವು ಮಾಡೋ ತಡದಾಗೋ? ಗಟ್ಟಿ ಇದ್ದಾಗೇ ಮರಿ ಆಗದ ಆಪರೇಶನ್ ಮಾಡಿಸಿದ್ರ ಈ ಕೀವಿನ ಜಡ್ಡೇ ಬರ್ತಿರಲಿಲ್ಲ.

ನನ್ನ ತಪ್ಪೂ ಹೇಳ್ತೀನಿ. ಔರಾದದ ತವರುಮನಿ ಮುಧೋಳ ನಾಯಿಗಿ ಆಪರೇಶನ್ ಇತ್ತು. ಉಪಾಸ ಇಡ್ರಿ ಅಂದಿದ್ರು. ಮುಂಜಾನಿ ಅದರ ಮಾರಿ ನೋಡಿ ಕರುಳು ಚುರ್ ಅಂತು, ಹಾಲು ರೊಟ್ಟಿ ಹಾಕ್ದೆ. ಡಾಕ್ಟರ್ ಮುಂದ "ಏನೂ ತಿಂದಿಲ್ರಿ" ಅಂದೆ. ಬೇಹೋಶ್ ಆಗೋ ಹೊತ್ತಿಗಿ ವಾಂತಿ ಮಾಡ್ತು. ಶ್ವಾಸನಾಳಕ್ಕ ಇಳಿದಿದ್ರ ನನ್ನ ಪ್ರೀತೀನೇ ಅದನ್ನ ಕೊಲ್ಲತಿತ್ತು.

ಅದಕ್ಕ ಡಾಕ್ಟರ್ ಮುಂದ ಖರೆ ಹೇಳ್ರಿ. ತಿಂದದ್ದು, ಕೆಮ್ಮು, ಕೊಟ್ಟ ಗುಳಗಿ, ಎಲ್ಲಾ. ನಾಯಿ ತೂಕ ಅಂದಾಜಲೆ ಹೇಳಬ್ಯಾಡ್ರಿ, ತೂಗಿಸ್ರಿ. ತೂಕ ಎರಡು ಪಟ್ಟು ಅಂದ್ರ ಔಷಧ ಎರಡು ಪಟ್ಟು ಅಲ್ಲ. ದೊಡ್ಡ ನಾಯಿಗಿ ಕಿಲೋ ಲೆಕ್ಕದಾಗ ಬಹಳಸಲ ಕಮ್ಮಿನೇ ಸಾಕು. ಮುಧೋಳದಂಥ ಬಡಕ ಮೈಯ ಬೇಟಿ ನಾಯಿಗಿ ಕೊಬ್ಬು ಕಮ್ಮಿ. ಥಯೋಪೆಂಟೋನ್ ಅನ್ನೋ ಹಳೀ ಔಷಧ ಕೊಟ್ರ ಲಗೂ ಏಳಂಗಿಲ್ಲ. "ಯಾವ ಔಷಧ ಕೊಡ್ತೀರಿ? ಮೊದಲ ರಕ್ತ, ಎದಿ ನೋಡ್ತೀರಾ?" ಅಂತ ಕೇಳ್ರಿ. ಕೇಳಿದ್ರ ಯಾರ ಮರ್ಯಾದಿನೂ ಹೋಗಂಗಿಲ್ಲ. ಎದ್ದ ಮ್ಯಾಲ ಬೆಚ್ಚಗ ಇಡ್ರಿ, ಪೂರಾ ಎಚ್ಚರ ಆಗೋತನ ಬಾಯಾಗ ನೀರು ಹಾಕಬ್ಯಾಡ್ರಿ.

ಬೀದರ ನಂದಿನಗರದಾಗ ಪಶುವೈದ್ಯ ಕಾಲೇಜೇ ಅದ. ಭಾಲ್ಕಿ, ಔರಾದದಿಂದ ಒಂದೇ ದಿನದಾಗ ಹೋಗಿ ಬರಬಹುದು. ಮದುವಿಗಿ ಹೈದರಾಬಾದ್ ತನ ಹೋಗ್ತೀವಿ, ಬಾಗಿಲು ಕಾಯೋ ಜೀವಕ್ಕ ಇಷ್ಟು ಹೋಗಾಕ ಆಗಂಗಿಲ್ಲೇನ್ರವ್ವಾ?