ಎರಡೆತ್ತು, ಎರಡಾಳು

ತೊಣ್ಣೂರು ಕೆರೆ ಕೆಳಗಿನ ಗದ್ದೆ ಬಯಲಲ್ಲಿ ನಾಟಿ ಬಂತೆಂದರೆ ಧಣಿಯ ಬಾಯಲ್ಲಿ ಬರುವ ಮಾತು ಹೀಗೆ: "ನಾಳಿಕ್ಕೆ ಎರಡೆತ್ತು ಕಳ್ಸು, ಎರಡಾಳು ಕಳ್ಸು." ಅದೇ ಊರಿನ ಮಕ್ಕಳಿಗೆ ಶಾಲೆಯ ವ್ಯಾಕರಣ ಹೇಳುವುದೇ ಬೇರೆ. ಎತ್ತಿಗೆ 'ಎರಡು', ಮನುಷ್ಯರಿಗೆ 'ಇಬ್ಬರು'. 'ಎರಡು ಹುಡುಗರು ಬಂದರು' ಎಂದು ಬರೆದವನಿಗೆ ಮಾರ್ಕು ಹೋಯಿತು. ಸರಿ ಮೇಷ್ಟ್ರೇ, ಆಳನ್ನು ಎತ್ತಿನ ಲೆಕ್ಕಕ್ಕೆ ಸೇರಿಸಿದವನ ಮಾರ್ಕು ಕಳೆಯುವವರು ಯಾರು?

ಪರೀಕ್ಷೆಯನ್ನು ನಾವು ಹಳಿಯುತ್ತಿಲ್ಲ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಬೇಕು, ಸರ್ಕಾರಿ ಗುಮಾಸ್ತಿಕೆಯ ಪರೀಕ್ಷೆ ಬರೆಯಬೇಕು. ಅಲ್ಲಿ ಒಂದು ಮಾರ್ಕು ಅಂದರೆ ಒಂದು ಮನೆಯ ಅನ್ನ. ಕಲಿಯೋಣ. 'ಏರಿ ಮೇಲಿದ್ದ ಹುಡುಗರ ಗುಂಪು ಓಡಿ...' ಮುಂದೆ 'ಹೋಯಿತು' ಬರಬೇಕೋ, 'ಹೋದರು' ಬರಬೇಕೋ? ಓಡಿದವರು ಹುಡುಗರೇ, ನಿಜ. ಆದರೆ ವಾಕ್ಯದಲ್ಲಿ 'ಹುಡುಗರ' ಎಂಬುದು ಎಂಥ ಗುಂಪು ಎಂದು ಹೇಳುವ ವಿಶೇಷಣ ಅಷ್ಟೆ, ಕರ್ತೃ 'ಗುಂಪು'. 'ಹೋಯಿತು' ಎಂದು ಬರೆಯಿರಿ. 'ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಪುಸ್ತಕ ತರಬೇಕು' ಎಂಬಲ್ಲಿ 'ತಮ್ಮ' ಹಾಕಿದರೆ ತಪ್ಪು, ಯಾಕೆಂದರೆ 'ಪ್ರತಿಯೊಬ್ಬ' ಏಕವಚನ. ಇಂಗ್ಲಿಷಿನ ಹಳೆ ವ್ಯಾಕರಣ ಪುಸ್ತಕಗಳು ಈ ಜಾಗದಲ್ಲಿ ಗಂಡಸಿನ ಸರ್ವನಾಮವನ್ನೇ ಕೇಳುತ್ತಿದ್ದವು. ನಮ್ಮ 'ತನ್ನ'ದಲ್ಲಿ ಹೆಣ್ಣಿಗೂ ಜಾಗ ಇದೆ, ಗಂಡಿಗೂ ಇದೆ. ಭಾಷೆಗಿದ್ದಷ್ಟು ಬುದ್ಧಿ ಊರಿಗೆ ಇರಲಿಲ್ಲ ಅನ್ನಿ.

ಇನ್ನು ಗೌರವದ ಬಹುವಚನ. ಒಬ್ಬರೇ ಇದ್ದರೂ 'ಅವರು ಬಂದರು' ಎನ್ನಬೇಕಂತೆ. ಯಾರಿಗೆ? ಹಿರಿಯರಿಗೆ, ಎನ್ನುತ್ತದೆ ಪಾಠ. ಹಾಗಾದರೆ ಇಪ್ಪತ್ತು ವರ್ಷದ ಧಣಿಯ ಮಗ ಯಾವ ಲೆಕ್ಕದಲ್ಲಿ 'ಬಂದ್ರು'? ಎಪ್ಪತ್ತು ದಾಟಿದ ನಮ್ಮಜ್ಜ ಯಾಕೆ 'ಬಂದ'? ಅಜ್ಜಿಗಂತೂ ಒಮ್ಮೊಮ್ಮೆ 'ಬಂತು'! ಇಲ್ಲಿ ವಚನ ತೀರ್ಮಾನ ಮಾಡುವುದು ವಯಸ್ಸಲ್ಲ ಸ್ವಾಮಿ, ಜಾತಿ ಮತ್ತು ಪಹಣಿ.

ರಾಮಾನುಜರು ಈ ತೊಣ್ಣೂರಿನಲ್ಲಿ ಇದ್ದರು. ಮೇಲುಕೋಟೆಯಲ್ಲಿ ನಮ್ಮವರನ್ನು 'ತಿರುಕುಲದವರು' ಎಂದು ಕರೆದು ವರ್ಷಕ್ಕೆ 3 ದಿನ ಗುಡಿಯೊಳಗೆ ಬಿಟ್ಟರು ಎಂದು ಸಂಪ್ರದಾಯ ಹೇಳುತ್ತದೆ. ಹೆಸರಿಗೆ ಬಹುವಚನ ಸಿಕ್ಕಿತು. ಉಳಿದ 362 ದಿನದ ಕ್ರಿಯಾಪದ ಏಕವಚನದಲ್ಲೇ ಉಳಿಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ನಾಲಿಗೆಯ ಮೇಲೆ ಅದಿನ್ನೂ ಕೂತಿದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನಮ್ಮದೊಂದು ಒತ್ತಾಯ. ಲಿಂಗ, ವಚನದ ಪಾಠ ಬಂದ ದಿನ ಕರಿಹಲಗೆ ಮೇಲೆ ಈ ವಾಕ್ಯವನ್ನೂ ಬರೆಯಿರಿ: 'ಧಣಿ ಬಂದರು, ಆಳು ಬಂತು.' ಕೆಳಗೆ ಎಂದಿನ ಪ್ರಶ್ನೆಯನ್ನೇ ಹಾಕಿ: ತಪ್ಪಿದ್ದರೆ ತಿದ್ದಿ ಬರೆಯಿರಿ, ಕಾರಣ ಕೊಡಿ.