ಬಾಗಿಲು ಮುಚ್ಚಿ ಬರೆಯಿರಿ ಅಂದವರಿಗೆ



ಹೋದ ವರ್ಷ ನಾವು ಐದು ಜನ ಒಂದು ಕಥಾ ಕಮ್ಮಟಕ್ಕೆ ಹೋಗಿದ್ದೆವು. ನಾವು ಅಂದರೆ ಒಂದೇ ಹಾಸ್ಟೆಲಿನ ತಟ್ಟೆಯಲ್ಲಿ ಉಂಡು ಡಿಗ್ರಿ ಮುಗಿಸಿದವರು. ನಮ್ಮ ಮನೆಗಳಲ್ಲಿ ನಮಗಿಂತ ಮುಂಚೆ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಎರಡನೇ ದಿನ ಪಾಠ ಮಾಡಲು ಬಂದ ಮಹನೀಯರು ಒಂದು ಜೆರಾಕ್ಸ್ ಹಾಳೆ ಹಂಚಿದರು. ಅಮೆರಿಕದಲ್ಲಿ ದೆವ್ವ ಭೂತದ ಕಾದಂಬರಿ ಬರೆದು ಕೋಟಿಗಟ್ಟಲೆ ಪ್ರತಿ ಮಾರಿದ ಸ್ಟೀಫನ್ ಕಿಂಗ್ ಹೊಸ ಬರಹಗಾರರಿಗೆ ಹೇಳಿದ ಬುದ್ಧಿಮಾತುಗಳು ಅದರಲ್ಲಿದ್ದವು. ಬರೆಯುವುದಕ್ಕೆ ಒಂದು ಕೋಣೆ ಇರಲಿ, ಅದಕ್ಕೆ ಬಾಗಿಲಿರಲಿ, ಬಾಗಿಲು ಮುಚ್ಚಿರಲಿ. ಫೋನು ಬೇಡ, ಟಿವಿ ಬೇಡ. ದಿನಕ್ಕೆ 2000 ಪದ ಮುಗಿಯುವ ತನಕ ಏಳಬೇಡಿ, ಹೊಸಬರಾದರೆ 1000 ಸಾಕು.

ನಮ್ಮಲ್ಲೊಬ್ಬ ಎದ್ದು ನಿಂತು ಕೇಳಿದ. "ಸಾರ್, ನಮ್ಮನೇಲಿ ಇರೋದೇ ಒಂದು ಬಾಗ್ಲು. ಅದ ಮುಚ್ಕಂಡು ಕುಂತ್ರೆ ನಮ್ಮವ್ವ ಕೂಲಿಯಿಂದ ಬಂದು ಎಲ್ಲಿ ನಿಂತ್ಕಬೇಕು?"

ಸಭೆಯೆಲ್ಲ ನಕ್ಕಿತು. ಮಹನೀಯರೂ ನಕ್ಕರು. ಬರೆಯಬೇಕು ಅನ್ನುವವನು ನೆಪ ಹುಡುಕಬಾರದು ಎಂದು ಹೇಳಿ ಮುಂದಿನ ಅಂಶಕ್ಕೆ ಹೋದರು.

ಆ ನಗು ನಮ್ಮ ಜೊತೆ ಬಸ್ಸು ಹತ್ತಿ ಊರಿಗೆ ಬಂತು. ನಾವು ದುಡ್ಡು ಕೂಡಿಸಿ ಆ ಪುಸ್ತಕವನ್ನೇ ತರಿಸಿದೆವು. 'ಆನ್ ರೈಟಿಂಗ್' ಅಂತ, 2000ನೇ ಇಸವಿಯಲ್ಲಿ ಅಚ್ಚಾದದ್ದು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಒಬ್ಬ ಓದಿ ಇನ್ನೊಬ್ಬನಿಗೆ ದಾಟಿಸುತ್ತ ಎರಡು ತಿಂಗಳು ಓದಿದೆವು. ಓದಿ ಮುಗಿಸಿದ ಮೇಲೆ ನಮಗೆ ಸಿಟ್ಟು ಬಂದದ್ದು ಕಿಂಗ್ ಮೇಲಲ್ಲ. ಆ ಜೆರಾಕ್ಸ್ ಹಾಳೆಯ ಮೇಲೆ. ಅದರಲ್ಲಿ ಮಹನೀಯರು ಏನನ್ನು ಬಿಟ್ಟುಬಿಟ್ಟಿದ್ದರು ಅನ್ನುವುದು ಗೊತ್ತಾಯಿತು.

ಈ ಕಿಂಗ್ ಹುಟ್ಟಿದ್ದು 1947ರಲ್ಲಿ, ಮೇನ್ ರಾಜ್ಯದಲ್ಲಿ. ಎರಡು ವರ್ಷದ ಕೂಸಾಗಿದ್ದಾಗ ಅಪ್ಪ ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಅವ್ವ ಇಬ್ಬರು ಗಂಡು ಮಕ್ಕಳನ್ನು ಕಟ್ಟಿಕೊಂಡು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದಳು, ಬೇಕರಿಯಲ್ಲಿ ರಾತ್ರಿ ಪಾಳಿ ಮಾಡಿದಳು. ಹುಡುಗ ಬರೆದ ಮೊದಲ ಕಥೆಗಳಿಗೆ ಒಂದೊಂದಕ್ಕೆ ಇಪ್ಪತ್ತೈದು ಸೆಂಟು ಕೊಟ್ಟವಳೂ ಅವಳೇ. ಹೈಸ್ಕೂಲಿನಲ್ಲಿದ್ದಾಗಲೇ ಈತ ಬಟ್ಟೆ ಗಿರಣಿಯಲ್ಲಿ ಕೂಲಿ ಮಾಡಿದ. ಆ ಗಿರಣಿಯ ನೆಲಮಾಳಿಗೆಯಲ್ಲಿ ಬೆಕ್ಕಿನಷ್ಟು ದಪ್ಪ ಇಲಿಗಳಿವೆ ಎಂದು ಅದನ್ನು ಗುಡಿಸಿದವರ ಬಾಯಲ್ಲಿ ಕೇಳಿದ. ಮುಂದೆ ಅದೇ ಒಂದು ಕಥೆಯಾಗಿ 1970ರಲ್ಲಿ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಡಿಗ್ರಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಡಿಗ್ರಿ ಹಿಡಿದುಕೊಂಡು ಗಂಟೆಗೆ 1 ಡಾಲರ್ 60 ಸೆಂಟಿಗೆ ಲಾಂಡ್ರಿಯಲ್ಲಿ ಬಟ್ಟೆ ಒಗೆದ. ಆಸ್ಪತ್ರೆಯ ರಕ್ತದ ಹಾಸಿಗೆ ಬಟ್ಟೆ, ಮೀನಿನ ಹೋಟೆಲುಗಳ ಮೇಜಿನ ಬಟ್ಟೆ. ಆ ಹೋಟೆಲ್ ಬಟ್ಟೆಯಲ್ಲಿ ಹುಳ ಮಿಜಿಮಿಜಿ ಅನ್ನುತ್ತಿದ್ದವಂತೆ, ಕೈ ಮೇಲೆ ಹತ್ತುತ್ತಿದ್ದವಂತೆ. ಇದನ್ನು ಓದುವಾಗ ನಮ್ಮಲ್ಲಿ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಇಂಥ ಕೆಲಸ ಮಾಡಿದ ಕೈಗಳು ನಮ್ಮ ಮನೆಗಳಲ್ಲಿವೆ.

ಆಮೇಲೆ ಮೇಷ್ಟ್ರ ಕೆಲಸ ಸಿಕ್ಕಿತು, ವರ್ಷಕ್ಕೆ 6400 ಡಾಲರ್. ಇಬ್ಬರು ಮಕ್ಕಳು. ಮನೆ ಅಂದರೆ ಒಂದು ಟ್ರೈಲರ್. ದುಡ್ಡು ಕಟ್ಟಲಾಗದೆ ಫೋನು ತೆಗೆಸಿದ್ದರು. ಆ ಟ್ರೈಲರಿನಲ್ಲಿ ಬಟ್ಟೆ ಒಗೆಯುವ ಯಂತ್ರ ಇಡುವ ಕಿಷ್ಕಿಂಧದಂಥ ಜಾಗದಲ್ಲಿ, ಮಕ್ಕಳ ಡೆಸ್ಕೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಹಳೇ ಟೈಪ್‌ರೈಟರಿನಲ್ಲಿ ತನ್ನ ಮೊದಲ ಎರಡು ಪ್ರಕಟಿತ ಕಾದಂಬರಿ ಬರೆದ. ಕೇಳಿಸ್ತಾ ಸ್ವಾಮಿ? ಫೋನು ಇರಕೂಡದು ಅನ್ನುವ ಮನುಷ್ಯನ ಮನೆಯಲ್ಲಿ ಆವತ್ತು ಫೋನು ಇಲ್ಲದಿದ್ದದ್ದು ಶಿಸ್ತಿಗಲ್ಲ, ಬಡತನಕ್ಕೆ. 'ಕ್ಯಾರಿ' ಕಾದಂಬರಿಯನ್ನು ಅಚ್ಚು ಹಾಕುತ್ತೇವೆ ಎಂದು ಪ್ರಕಾಶಕರು ಟೆಲಿಗ್ರಾಂ ಕಳಿಸಬೇಕಾಯಿತು.

ಮಹನೀಯರು ಹಾಳೆಯಲ್ಲಿ ಬಾಗಿಲನ್ನು ಬರೆದರು, ಲಾಂಡ್ರಿಯನ್ನು ಬಿಟ್ಟರು. ಕೂಲಿಯನ್ನು ಬಿಟ್ಟು ಶಿಸ್ತನ್ನು ಮಾತ್ರ ಇಟ್ಟುಕೊಂಡರೆ ಅದು ಮಡಿಯ ಥರಾ ಕಾಣುತ್ತದೆ. ಮುಂಜಾನೆ ಎದ್ದು, ಸ್ನಾನ ಮಾಡಿ, ಒಬ್ಬನೇ ಕೂತು, ಯಾರೂ ಮುಟ್ಟಕೂಡದು ಎನ್ನುವ ಮಡಿ. ಬರವಣಿಗೆಯನ್ನು ಅಂಥ ಕೋಣೆಯೊಳಗಿಟ್ಟು ನಮ್ಮನ್ನು ಹೊರಗೆ ನಿಲ್ಲಿಸುವುದು ಈ ನಾಡಿಗೆ ಹೊಸದಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಿಂಗ್ ಬಡವ, ನಿಜ. ಆದರೆ ಬಿಳಿಯ. ಗಿರಣಿಯ ಕೊಳಾಯಿಗೆ ಬಾಯಿಟ್ಟಾಗ ನೀನು ಯಾವ ಕೇರಿಯವನು ಎಂದು ಯಾರೂ ಕೇಳಲಿಲ್ಲ. ಆತನ ಬಡತನಕ್ಕೆ ಒಂದು ಕೊನೆ ಇತ್ತು. 1973ರಲ್ಲಿ 'ಕ್ಯಾರಿ'ಯ ಅಗ್ಗದ ಆವೃತ್ತಿಯ ಹಕ್ಕು 4 ಲಕ್ಷ ಡಾಲರಿಗೆ ಹೋಯಿತು. ಅರ್ಧ ಆತನದು. ದುಡ್ಡು ಬಂದದ್ದೇ ಆತ ಪೂರಾ ಬೇರೆ ಮನುಷ್ಯನಾಗಬಹುದಾಗಿತ್ತು. ನಮ್ಮವರು ಐಎಎಸ್ ಆದರೂ ಬಾಡಿಗೆ ಮನೆ ಕೇಳಲು ಹೋದರೆ ಹೆಸರಿನ ಮುಂದೇನು ಎಂದು ಕೇಳುತ್ತಾರೆ.

ಈಗ ಆ ಹುಡುಗಿಯ ವಿಷಯ. ಪುಸ್ತಕದಲ್ಲಿ ನಮ್ಮನ್ನು ನಿದ್ದೆಗೆಡಿಸಿದ್ದು ಇದು.

ಕಿಂಗ್ ಒಂದು ಬೇಸಿಗೆ ರಜೆಯಲ್ಲಿ ಹೈಸ್ಕೂಲೊಂದರಲ್ಲಿ ಕಸ ಗುಡಿಸುವ ಕೆಲಸ ಮಾಡಿದ್ದ. ಹುಡುಗಿಯರ ಸ್ನಾನದ ಮನೆಯ ಗೋಡೆಯ ಕಲೆ ತೊಳೆಯುವುದು. ಆ ನೆನಪು ಮುಂದೆ ಲಾಂಡ್ರಿಯಲ್ಲಿ ದುಡಿಯುತ್ತಿದ್ದ ದಿನ ವಾಪಸ್ಸು ಬಂದು, ಶಾಲೆಯಲ್ಲಿ ಮುಟ್ಟಾದ ಹುಡುಗಿಯೊಬ್ಬಳನ್ನು ಉಳಿದವರೆಲ್ಲ ಸೇರಿ ಅವಮಾನಿಸುವ ದೃಶ್ಯವಾಯಿತು. ಹಾಗಾಗಿ 'ಕ್ಯಾರಿ'ಯ ಮೊದಲ ದೃಶ್ಯ ಹುಟ್ಟಿದ್ದು ಪೊರಕೆ ಹಿಡಿದ ಕೈಯಲ್ಲಿ. ಆದರೆ ಆ ಹುಡುಗಿ ಯಾರು? ಬರೆಯುವಾಗ ಕಿಂಗ್‌ಗೆ ಕಣ್ಣ ಮುಂದೆ ಬಂದದ್ದು ತನ್ನ ಜೊತೆ ಓದಿದ ಇಬ್ಬರು. ಅವರಲ್ಲೊಬ್ಬಳು ಒಂದೂವರೆ ವರ್ಷ ದಿನಾ ಒಂದೇ ಬಟ್ಟೆ ಹಾಕಿಕೊಂಡು ಶಾಲೆಗೆ ಬಂದಳು. ಅದೇ ರವಿಕೆ, ಅದೇ ಲಂಗ. ಬಟ್ಟೆ ತೆಳ್ಳಗಾಗುತ್ತ ಹೋಯಿತು, ಉಳಿದ ಹುಡುಗಿಯರ ಗೇಲಿ ಜೋರಾಗುತ್ತ ಹೋಯಿತು. ಕ್ರಿಸ್ಮಸ್ ರಜೆ ಮುಗಿಸಿ ಒಂದು ದಿನ ಹೊಸ ಬಟ್ಟೆ ಉಟ್ಟು, ತಲೆಗೂದಲು ಮಾಡಿಸಿಕೊಂಡು, ನಗುತ್ತ ಬಂದಳು. ಅವತ್ತು ಗೇಲಿ ನಿಲ್ಲಲಿಲ್ಲ. ಇಮ್ಮಡಿಯಾಯಿತು. ಅವಳು ಇದ್ದ ಜಾಗ ಬಿಟ್ಟು ಏಳುವುದನ್ನು ಅವರು ಸಹಿಸಲಿಲ್ಲ.

ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಬಟ್ಟೆ ಹಾಕಿದ್ದಕ್ಕೆ, ಮೀಸೆ ಬಿಟ್ಟಿದ್ದಕ್ಕೆ, ಮದುವೆಯಲ್ಲಿ ಕುದುರೆ ಹತ್ತಿದ್ದಕ್ಕೆ ಹೊಡೆಸಿಕೊಂಡವರು ಈ ದೇಶದಲ್ಲಿ ಎಷ್ಟು ಜನ! ದೆವ್ವದ ಕಾದಂಬರಿಯ ದೆವ್ವ ಯಾವುದು ಅನ್ನುವುದು ನಮಗೆ ಆ ಪುಟದಲ್ಲಿ ತಿಳಿಯಿತು.

ಆದರೆ ನಮ್ಮ ತಕರಾರು ಬೇರೆ ಇದೆ. ಕಿಂಗ್ 'ಕ್ಯಾರಿ' ಬರೆಯಲು ಕೂತ ಹೊತ್ತಿಗೆ ಆ ಇಬ್ಬರೂ ಹೆಣ್ಣುಮಕ್ಕಳು ಸತ್ತುಹೋಗಿದ್ದರು. 1974ರಲ್ಲಿ ಕಾದಂಬರಿ ಬಂತು, ಸಿನಿಮಾ ಬಂತು. ಆ ಶಾಲೆಯಲ್ಲಿ ನೋಡುತ್ತ ಕೂತಿದ್ದವನು ಲೇಖಕನಾದ. ತಾನೂ ಆ ಹಿಂಡಿನಲ್ಲೇ ಇದ್ದೆ, ಸುಮ್ಮನಿದ್ದೆ ಎನ್ನುವ ಅಳುಕು ಆತನಿಗಿದೆ, ಅದನ್ನು ಬಚ್ಚಿಡುವುದಿಲ್ಲ, ಆ ಮಟ್ಟಿಗೆ ಪ್ರಾಮಾಣಿಕ. ನಮ್ಮ ಕನ್ನಡದಲ್ಲಿ ಕೇರಿಯನ್ನು ದೂರದಿಂದ ನೋಡಿ ಕಣ್ಣೀರು ಸುರಿಸಿ ಹೆಸರು ಮಾಡಿದವರಲ್ಲಿ ಎಷ್ಟು ಜನಕ್ಕೆ ಆ ಅಳುಕು ಇತ್ತು? ಇರಲಿ. ನಮ್ಮ ಪ್ರಶ್ನೆ ಇದು. ಆ ಒಂದೇ ಬಟ್ಟೆಯ ಹುಡುಗಿಯೇ ಬರೆಯಲು ಕೂತಿದ್ದರೆ? ಅವಳಿಗೆ ಈ ಜೆರಾಕ್ಸ್ ಹಾಳೆ ಏನು ಹೇಳುತ್ತಿತ್ತು? 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಕನ್ನಡ ಬೆಚ್ಚಿದ್ದು ಆ ಹುಡುಗಿ ತಾನೇ ಬಾಯಿ ಬಿಟ್ಟಳು ಅನ್ನುವುದಕ್ಕೇ ಅಲ್ಲವೇ?

ಇದೇ ಪುಸ್ತಕದಲ್ಲಿ ಕಿಂಗ್ ಬರಹಗಾರರನ್ನು ನಾಲ್ಕು ಅಂತಸ್ತು ಮಾಡಿದ್ದಾನೆ. ಕೆಳಗೆ ಕೆಟ್ಟವರು, ಮೇಲೆ ಸುಮಾರಾದವರು, ಅದರ ಮೇಲೆ ಒಳ್ಳೆಯವರು, ತುದಿಯಲ್ಲಿ ಮಹಾಪ್ರತಿಭೆಗಳು. ದುಡಿದರೆ ಸುಮಾರಾದವನು ಒಳ್ಳೆಯವನಾಗಬಹುದಂತೆ. ಕೆಟ್ಟವನು ಮಾತ್ರ ಏನು ಮಾಡಿದರೂ ಸುಮಾರಾದವನು ಆಗಲಾರನಂತೆ, ತುದಿಗಂತೂ ಯಾರೂ ಹತ್ತಲಾರರಂತೆ. ನಾಲ್ಕು ಎಂದು ಕೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ. ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಹಿಂದೂ ಸಮಾಜವನ್ನು ಮೆಟ್ಟಿಲಿಲ್ಲದ ಮಹಡಿಗೆ ಹೋಲಿಸಿದ್ದರು. ಅಮೆರಿಕದವನಿಗೆ ಇದು ಗೊತ್ತಿರಬೇಕಿಲ್ಲ. ಆದರೆ ಯಾರು ಕೆಟ್ಟವರು ಎಂದು ತೀರ್ಮಾನಿಸುವವರು ಯಾರಪ್ಪ? ಈತ ಶಾಲೆಯಲ್ಲಿದ್ದಾಗ ಸಿನಿಮಾ ನೋಡಿ ಕಥೆ ಬರೆದು, ಅಚ್ಚು ಮಾಡಿ ಮಾರಿದ್ದಕ್ಕೆ ಇಂಥ ಕಸ ಯಾಕೆ ಬರೆಯುತ್ತೀಯ ಎಂದು ಶಾಲೆಯ ಮೇಡಂ ಬೈದು, ದುಡ್ಡು ವಾಪಸ್ಸು ಕೊಡಿಸಿದ್ದರು. ಆ ನಾಚಿಕೆ ಎಷ್ಟೋ ವರ್ಷ ಹೋಗಲಿಲ್ಲವಂತೆ. 2003ರಲ್ಲಿ ದೊಡ್ಡ ಪದಕ ಬಂದಾಗಲೂ ಹೆರಾಲ್ಡ್ ಬ್ಲೂಮ್ ಎಂಬ ಪಂಡಿತರು ಇವನಿಗೆ ಯಾಕೆ ಕೊಟ್ಟಿರಿ ಎಂದು ಕೂಗಾಡಿದರು. ಕೆಳಗೆ ನಿಂತು ಉಗಿಸಿಕೊಂಡವನೇ ಇನ್ನೊಬ್ಬರಿಗೆ ಮೆಟ್ಟಿಲಿಲ್ಲ ಅನ್ನುವುದು ನಮಗೆ ಹಿಡಿಸಲಿಲ್ಲ. (ಕಸ ಎಂದ ಮಾತಿಗೆ ನೆನಪಾಯಿತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಬಿಡಬೇಕಾಯಿತು. ಯಾರು ಯಾವುದನ್ನು ಕಸ ಎನ್ನಬಹುದು ಅನ್ನುವುದಕ್ಕೂ ಜಾತಿ ಇದೆ.)

ಇನ್ನೊಬ್ಬರನ್ನು ಮರೆಯಬಾರದು. ಹೆಂಡತಿ ಟಬಿತಾ. ಟೈಪ್‌ರೈಟರ್ ಆಕೆಯದು. ಹಗಲು ಮಕ್ಕಳು, ಆಮೇಲೆ ಡೋನಟ್ ಅಂಗಡಿಯಲ್ಲಿ ಪಾಳಿ. 'ಕ್ಯಾರಿ'ಯ ಮೊದಲ ಪುಟಗಳನ್ನು ಈತ ಮುದುರಿ ಕಸದ ಬುಟ್ಟಿಗೆ ಎಸೆದಿದ್ದ. ಸಿಗರೇಟಿನ ಬೂದಿ ಕೊಡವಿ ಎತ್ತಿ ಓದಿ, ಇದನ್ನು ಮುಂದುವರಿಸು ಅಂದವಳು ಆಕೆ. ಆಕೆಯೂ ಕವಿ. ಆಕೆಯ ಮೊದಲ ಕಾದಂಬರಿ ಬಂದದ್ದು 1981ರಲ್ಲಿ, ಗಂಡನದು ಬಂದು ಏಳು ವರ್ಷಕ್ಕೆ. ಬಾಗಿಲು ಮುಚ್ಚಿ ಕೂತವನ ಮಕ್ಕಳನ್ನು ಬಾಗಿಲಾಚೆ ಯಾರೋ ಎತ್ತಿಕೊಂಡಿರುತ್ತಾರೆ. ನಮ್ಮ ಸಂಘಟನೆಯ ಕವಿಗಳೂ ಮನೆಗೆ ಹೋಗಿ ಒಮ್ಮೆ ನೋಡಿಕೊಳ್ಳಬೇಕು. ನಾವು ರಾತ್ರಿಯೆಲ್ಲ ಕ್ರಾಂತಿ ಮಾತಾಡುವಾಗ ಟೀ ಕಾಸಿದವರು ಯಾರು?

ಬೈದದ್ದು ಸಾಕು. ಕಿಂಗ್ ಮಾತುಗಳಲ್ಲಿ ನಮಗೆ ಬೇಕಾದವೂ ಇವೆ, ಅವನ್ನು ಕೇಳಿದರೆ ನಮ್ಮವರಿಗೆ ಕಹಿಯಾಗುತ್ತದೆ. ಬರೆದದ್ದನ್ನು ಆರು ವಾರ ಡ್ರಾಯರಿನಲ್ಲಿಟ್ಟು ಆಮೇಲೆ ತೆಗೆದು ಓದು ಅನ್ನುತ್ತಾನೆ. ಎರಡನೇ ಸಲ ಬರೆಯುವಾಗ ನೂರಕ್ಕೆ ಹತ್ತು ಪಾಲು ಕಿತ್ತುಹಾಕು ಅನ್ನುತ್ತಾನೆ. ಮೊದಲು ಬಾಯಿಗೆ ಬಂದ ಸಾದಾ ಮಾತನ್ನೇ ಇಡು, ಅದಕ್ಕೆ ಜರತಾರಿ ಉಡಿಸಬೇಡ ಅನ್ನುತ್ತಾನೆ. ನಾವೇನು ಮಾಡುತ್ತೇವೆ? ಏಪ್ರಿಲ್ 13ರ ರಾತ್ರಿ ಕೂತು ಪದ್ಯ ಗೀಚಿ, 14ರ ವೇದಿಕೆಯಲ್ಲಿ ಓದಿ, ಚಪ್ಪಾಳೆ ಬಿದ್ದ ಕೂಡಲೇ ಪತ್ರಿಕೆಗೆ ಕಳಿಸುತ್ತೇವೆ. ಬೆಂಕಿ, ರಕ್ತ, ಜ್ವಾಲಾಮುಖಿ ಎಲ್ಲ ಇರುತ್ತವೆ, ನಮ್ಮವ್ವನ ಕಾಲಿನ ಬಿರುಕು ಇರುವುದಿಲ್ಲ. ಸಂಪಾದಕರು ತಿದ್ದಿದರೆ ಬ್ರಾಹ್ಮಣ್ಯ ಎಂದು ಜಗಳಕ್ಕೆ ನಿಲ್ಲುತ್ತೇವೆ. ತಿದ್ದುವುದಕ್ಕೆ ಕೋಣೆ ಬೇಕಿಲ್ಲ, ಬಾಗಿಲು ಬೇಕಿಲ್ಲ. ಈ ಬರಹದಿಂದಲೇ ಎರಡು ಪುಟ ಹೊಡೆದುಹಾಕಿದ್ದೇವೆ, ಹೊಟ್ಟೆ ಉರಿಯಿತು, ಹೊಡೆದುಹಾಕಿದೆವು.

2000 ಪದ ನಮ್ಮಿಂದಾಗಲಿಲ್ಲ. 300 ಅಂತ ಇಟ್ಟುಕೊಂಡಿದ್ದೇವೆ. ಒಬ್ಬ ಬೆಂಗಳೂರಲ್ಲಿ ಎಟಿಎಂ ಕಾವಲು, ರಾತ್ರಿ ಪಾಳಿಯಲ್ಲಿ ಮೊಬೈಲಿನಲ್ಲೇ ಬರೆಯುತ್ತಾನೆ. ಗಾಜಿನ ಬಾಗಿಲು ಮುಚ್ಚಿಯೇ ಇರುತ್ತದೆ, ಕಿಂಗ್ ಹೇಳಿದ ಹಾಗೆ! ಇನ್ನೊಬ್ಬ ಊರ ಶಾಲೆಯಲ್ಲಿ ಅತಿಥಿ ಶಿಕ್ಷಕ. ಕಮ್ಮಟದಲ್ಲಿ ಎದ್ದು ನಿಂತು ಕೇಳಿದವನು ಅವನೇ. ಅವನ ಏಳನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಶಾಲೆ ಕೊಟ್ಟ ಯೂನಿಫಾರಂ ಬಿಟ್ಟರೆ ಬೇರೆ ಬಟ್ಟೆ ಹಾಕಿದ್ದನ್ನು ಅವನು ನೋಡಿಲ್ಲ, ಭಾನುವಾರವೂ ಅದೇ. ಜೂನ್ ತಿಂಗಳಲ್ಲಿ ಅವಳಿಗೆ ಒಂದು ನೋಟ್‌ಬುಕ್ ಕೊಟ್ಟು, ಏನಾದರೂ ಬರಿಯವ್ವ, ನಾನು ಕೇಳಲ್ಲ, ನೀನು ತೋರಿಸಬೇಕಾಗಿಲ್ಲ ಅಂದಿದ್ದಾನೆ. ಇಲ್ಲಿಗೆ ಹನ್ನೊಂದು ಪುಟ ಆಗಿದೆಯಂತೆ. ಅವನಿಗೆ ಇನ್ನೂ ತೋರಿಸಿಲ್ಲ.